ಮರೆವಿನ ಬಗೆಗಳೂ ಮಿದುಳಿನ ಅಮಿಲಾಯ್ಡೂ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಮನೆಯ ಹಿರಿಯರ ಮರೆವನ್ನು ಈ ಒಂದು ಮಾತಿನಿಂದಲೇ ತಳ್ಳಿಹಾಕುವುದುಂಟು. ಆದರೆ ಮರೆವೆಲ್ಲವೂ ಒಂದೇ ಬಗೆಯದಲ್ಲ. ಮುಪ್ಪೊಂದೇ ಅದಕ್ಕೆ ಕಾರಣವೂ ಅಲ್ಲ.

ವಯೋಸಹಜವಾದ ಮರೆವಿಗೂ ಡಿಮೆನ್ಶಿಯಾ ಎಂಬ ಕಾಯಿಲೆಗೂ ನಡುವೆ ಒಂದು ಸ್ಥಿತಿಯಿದೆ. ಅದನ್ನು ‘ಅರಿವಿನ ಸೌಮ್ಯ ದೌರ್ಬಲ್ಯ’ವೆನ್ನಬಹುದು. ಪರೀಕ್ಷಿಸಿದರೆ ಬುದ್ಧಿಶಕ್ತಿ ಕುಂದಿರುವುದು ತೋರಿಬರುತ್ತದೆ. ಆದರೂ ನಿತ್ಯಜೀವನ ಹೇಗೋ ಸಾಗಿರುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಕೆಲವು ನಿದರ್ಶನಗಳನ್ನು ಕಲ್ಪಿಸಿಕೊಳ್ಳೋಣ. ಬೆಟಗೇರಿಯ ನೇಕಾರನೊಬ್ಬನು ಮಗ್ಗದ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಾನೆ. ಆದರೆ ಬೆಳಿಗ್ಗೆ ಕೇಳಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳುತ್ತಾನೆ. ಇದು ನೆನಪು ಕುಂದಿದ ಬಗೆ. ಮುಂಡರಗಿಯ ವರ್ತಕನಿಗೆ ಎಲ್ಲವೂ ನೆನಪಿದೆ. ಲೆಕ್ಕ ಮಾತ್ರ ಹೊಂದಿಕೆಯಾಗದು. ಲಕ್ಷ್ಮೇಶ್ವರದ ಅಜ್ಜಿಗೆ ಆಡಬೇಕಾದ ಪದವೇ ಹೊಳೆಯದು. ಶಿರಹಟ್ಟಿಯ ರೈತನಿಗೆ ದಿಕ್ಕು, ದೂರಗಳ ಅಂದಾಜು ತಪ್ಪುತ್ತದೆ. ಈ ಮೂವರದು ನೆನಪನ್ನುಳಿದು ಬೇರೆ ಶಕ್ತಿ ಕುಂದಿದ ಬಗೆ.

ಇನ್ನು ಅಮಿಲಾಯ್ಡ್ ಎಂದರೇನು? ಪಿಷ್ಟದಂತಹುದು ಎಂದು ಈ ಪದದ ಅರ್ಥ. ವಾಸ್ತವದಲ್ಲಿ ಅದು ಪ್ರೋಟೀನು. ಮಿದುಳಿನ ನರಕೋಶಗಳ ನಡುವೆ ಅದರ ಒಂದು ಜಾತಿಯ ತುಣುಕುಗಳು ಹೆಪ್ಪುಗಟ್ಟಿ ಕೂಡಿಕೊಳ್ಳುತ್ತವೆ. 1906ರಲ್ಲಿ ಜರ್ಮನಿಯ ವೈದ್ಯ ಆಲ್ಜೈಮರ್ ವಿವರಿಸಿದ ರೋಗದ ಮುಖ್ಯ ಕುರುಹುಗಳಲ್ಲಿ ಇದೊಂದು. ಬದುಕಿರುವವರ ಮಿದುಳಿನಲ್ಲಿ ಇದನ್ನು ಕಾಣುವ ಉಪಾಯ ದೊರೆತುದು ಬಹಳ ತಡವಾಗಿ. ಮೊದಲ ಫಲಿತಾಂಶ 2004ರಲ್ಲಿ ಪ್ರಕಟವಾಯಿತು.

ಆ ಉಪಾಯ ಭೌತವಿಜ್ಞಾನದ ಕೊಡುಗೆ. ಅಮಿಲಾಯ್ಡಿಗೆ ಅಂಟುವ ವಸ್ತುವೊಂದಕ್ಕೆ ವಿಕಿರಣಶೀಲ ಪರಮಾಣುವನ್ನು ಸೇರಿಸಿ ರಕ್ತನಾಳದೊಳಕ್ಕೆ ಚುಚ್ಚುತ್ತಾರೆ. ಆ ಪರಮಾಣು ಪಾಸಿಟ್ರಾನನ್ನು ಹೊರಸೂಸುತ್ತದೆ. ಅದು ಸಮೀಪದ ಎಲೆಕ್ಟ್ರಾನಿನೊಡನೆ ಕೂಡಿ ಎರಡೂ ಇಲ್ಲವಾಗಿ, ಎರಡು ಗಾಮಾ ಕಿರಣಗಳು ಪರಸ್ಪರ ವಿರುದ್ಧ ದಿಕ್ಕಿಗೆ ಹೊರಡುತ್ತವೆ. ತಲೆಯ ಸುತ್ತಲಿನ ಉಂಗುರಾಕಾರದ ಯಂತ್ರವು ಅವನ್ನು ಏಕಕಾಲದಲ್ಲಿ ಹಿಡಿದು, ಹೊರಟ ಸ್ಥಳವನ್ನು ಗಣಿಸಿ ಚಿತ್ರ ರಚಿಸುತ್ತದೆ.

ಈ ಚಿತ್ರಗಳು ತಿಳಿಸಿದುದೇನು? ನೆನಪು ಕುಂದಿದ ಬಗೆಯಲ್ಲಿ, ಎಪ್ಪತ್ತರ ಆಸುಪಾಸಿನವರ ಪೈಕಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಅಮಿಲಾಯ್ಡ್ ಸಂಚಯವಾಗಿರುತ್ತದೆ. ಇನ್ನೊಂದು ಬಗೆಯಲ್ಲಿ ಇದು ಕಡಿಮೆ. ಆದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ಸ್ವಸ್ಥರಾದ ವೃದ್ಧರಲ್ಲಿಯೂ ಕೆಲವರಿಗೆ ಇರುವುದುಂಟು. ಆದುದರಿಂದ ಲಕ್ಷಣ ನೋಡಿ ಅಮಿಲಾಯ್ಡನ್ನಾಗಲಿ, ಅಮಿಲಾಯ್ಡ್ ನೋಡಿ ಭವಿಷ್ಯವನ್ನಾಗಲಿ ನಿಶ್ಚಯಿಸಲಾಗದು. ಈ ವಿವೇಚನೆ ಚಿಕಿತ್ಸೆಗೂ ಅಗತ್ಯ. 2023ರಲ್ಲಿ ಅಮೆರಿಕೆಯಲ್ಲಿ ಪೂರ್ಣ ಮನ್ನಣೆ ಪಡೆದ ಲೆಕಾನೆಮ್ಯಾಬ್ ಎಂಬ ಔಷಧ ರೋಗವನ್ನು ಗುಣಪಡಿಸದು, ತುಸು ನಿಧಾನಗೊಳಿಸುತ್ತದೆ. ಅದೂ ಅಮಿಲಾಯ್ಡ್ ಇರುವುದು ಖಚಿತವಾದವರಿಗೆ ಮಾತ್ರ.

ಈ ಅಂಕಿಗಳು ಹೆಚ್ಚಾಗಿ ಪಾಶ್ಚಾತ್ಯ ದೇಶಗಳವು. ನಮ್ಮ ಗ್ರಾಮೀಣ ಜನರ ಮಿದುಳಿನ ವಿಷಯ ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 2018ರಲ್ಲಿ ದೀರ್ಘಕಾಲದ ಅಧ್ಯಯನವನ್ನು ಆರಂಭಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅರಿವಿನ ಪರೀಕ್ಷೆಗಳು ಕನ್ನಡದಲ್ಲಿಯೂ ಸಿದ್ಧವಾಗಿವೆ.

ಚಿತ್ರಗ್ರಹಣಕ್ಕೆ ಬಳಸುವ ಫ್ಲೋರೀನ್-18ರ ಅರ್ಧಾಯು 110 ನಿಮಿಷ. ಬೆಂಗಳೂರಿನಿಂದ ಗದಗಿಗೆ ತರಲು ಏಳೂಕಾಲು ಗಂಟೆ ಹಿಡಿದರೆ, ಉಳಿಯುವುದು ಹದಿನಾರರಲ್ಲಿ ಸುಮಾರು ಒಂದು ಪಾಲು! ಆದರೆ ಮೊದಲ ಹೆಜ್ಜೆಗೆ ಈ ಯಂತ್ರ ಬೇಕಿಲ್ಲ. ಥೈರಾಯ್ಡಿನ ದೋಷ, ಬಿ-12 ಜೀವಸತ್ವದ ಕೊರತೆ, ಖಿನ್ನತೆ, ಕೆಲವು ಔಷಧಗಳು—ಇವೂ ಮರೆವನ್ನು ತರಬಲ್ಲವು, ಇವುಗಳಿಗೆ ಪರಿಹಾರವುಂಟು. ಗಾದೆಯ ಮಾತಿಗೆ ತೃಪ್ತರಾಗದೆ ಹಿರಿಯರನ್ನು ವೈದ್ಯರ ಬಳಿಗೆ ಕರೆದೊಯ್ಯುವುದು ಲೇಸು. ಏನು ಮರೆಯುತ್ತಾರೆ, ಎಂದಿನಿಂದ, ಯಾವ ಕೆಲಸ ತಪ್ಪುತ್ತದೆ ಎಂಬುದನ್ನು ಮನೆಯವರು ಬರೆದಿಟ್ಟುಕೊಂಡು ಹೋದರೆ, ಮರೆವಿನ ಬಗೆಯನ್ನು ಗುರುತಿಸಲು ವೈದ್ಯರಿಗೆ ಅದೇ ದೊಡ್ಡ ನೆರವು.