ನಿಮ್ಮ ಸ್ಕೂಟರ್ ಹಿಂದೆ ಒಂದು ಬಸ್ ಕಂಪನಿ: ಮದುರೈನ ಟಿವಿಎಸ್ ಕತೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಹೊಂದುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಬಸ್ಸಲ್ಲಿ ಕೂತು, ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಾ ಇದ್ದೀರಾ? ಹಾಗಾದ್ರೆ ಈ ಸಂಚಿಕೆ ನಿಮಗೇ. ಸೀಟ್ ಸಿಗದೆ ನಿಂತಿದ್ರೆ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ.

ನಾನು ಬೆಳೆದದ್ದು ಉಡುಪಿ ಕಡೆ. ನಮ್ಮಲ್ಲಿ ಬಸ್ಸಿಗೆ ನಂಬರ್‌ಗಿಂತ ಹೆಸರು ಮುಖ್ಯ. ದೇವರ ಹೆಸರು, ಮಾಲೀಕರ ಮನೆತನದ ಹೆಸರು, ಮಗಳ ಹೆಸರು. ಅಮ್ಮ ಬೆಳಿಗ್ಗೆ ಗಡಿಯಾರ ನೋಡ್ತಾ ಇರಲಿಲ್ಲ. ಗುಡ್ಡದ ಆಚೆ ಹಾರ್ನ್ ಕೇಳಿದ ಕೂಡಲೇ "ಏಳೂ ನಲವತ್ತರ ಬಸ್ಸು ಬಂತು, ಓಡು" ಅಂತಿದ್ರು. ಕಾಲೇಜಿಗೆ ಅಂತ ಮೈಸೂರಿಗೆ ಬಂದಾಗ ಬಸ್ ಸ್ಟ್ಯಾಂಡಲ್ಲಿ ನನಗೆ ಮೊದಲು ಹೊಳೆದ ಪ್ರಶ್ನೆ ಇದು: ಇಲ್ಲಿ ಬಸ್ಸುಗಳಿಗೆ ಹೆಸರೇ ಇಲ್ವಾ? ಎಲ್ಲಾ ಒಂದೇ ಕಂಪನಿಯವಾ?

ಆ ಪ್ರಶ್ನೆಯ ಬೆನ್ನು ಹತ್ತಿದ್ರೆ ಸಿಗೋದು ಕುಟುಂಬಗಳು ನಡೆಸಿದ ಬಸ್ ಕಂಪನಿಗಳ ಇತಿಹಾಸ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಮದುರೈನ ಒಂದು ಕಂಪನಿ. ಅದರ ಹೆಸರು ನಿಮಗೆ ಗೊತ್ತು. ನಿಮ್ಮ ಮನೆ ಮುಂದೆ ನಿಂತಿರೋ ಸ್ಕೂಟರ್ ಮೇಲೂ ಬರೆದಿರಬಹುದು. ಟಿವಿಎಸ್.

ಕೆಲಸ ಬಿಟ್ಟ ವಕೀಲ

ಟಿವಿಎಸ್ ಅನ್ನೋದು ಒಬ್ಬ ಮನುಷ್ಯನ ಹೆಸರಿನ ಮೂರು ಅಕ್ಷರ. ತಿರುಕ್ಕುರುಂಗುಡಿ ವೆಂಗಾರಂ ಸುಂದರಂ ಅಯ್ಯಂಗಾರ್. ಊರಿನ ಹೆಸರು, ಅಪ್ಪನ ಹೆಸರು, ತನ್ನ ಹೆಸರು. ತಮಿಳುನಾಡಿನ ತಿರುನೆಲ್ವೇಲಿ ಕಡೆಯವರು, ಹುಟ್ಟಿದ್ದು 1877ರಲ್ಲಿ. ಮೊದಲು ವಕೀಲಿಕೆ ಮಾಡಿದ್ರು, ಆಮೇಲೆ ರೈಲ್ವೆ, ಆಮೇಲೆ ಬ್ಯಾಂಕು. ಎಲ್ಲಾ ಭದ್ರವಾದ ಕೆಲಸಗಳೇ. ಎಲ್ಲವನ್ನೂ ಬಿಟ್ಟು 1911ರಲ್ಲಿ "ಟಿ.ವಿ. ಸುಂದರಂ ಅಯ್ಯಂಗಾರ್ ಅಂಡ್ ಸನ್ಸ್" ಶುರು ಮಾಡಿದ್ರು. 1912ರಲ್ಲಿ ಮದುರೈ ಸೀಮೆಯಲ್ಲಿ ಹಳ್ಳಿಗಳ ಕಡೆಗೆ ಬಸ್ ಓಡಿಸಿದ್ರು.

ಆ ಕಾಲವನ್ನ ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ರಸ್ತೆ ಇದ್ದದ್ದು ಎತ್ತಿನ ಗಾಡಿ, ಜಟಕಾಗಳಿಗೆ. ರೈಲು ದೊಡ್ಡ ಊರುಗಳನ್ನ ಮಾತ್ರ ಮುಟ್ಟುತ್ತಿತ್ತು. ರೈಲು ಇಳಿದ ಮೇಲೆ ಹಳ್ಳಿಗೆ ಹೋಗೋಕೆ ಅರ್ಧ ದಿನ ಗಾಡಿಯಲ್ಲಿ ಕುಲುಕಬೇಕು. ಮೋಟಾರು ಬರ್ತಿದ್ದದ್ದು ವಿದೇಶದಿಂದ. ಒಂದು ಬಿಡಿಭಾಗ ಮುರಿದ್ರೆ ಅದೂ ಹಡಗಿನಲ್ಲೇ ಬರಬೇಕು. ಅಲ್ಲೀತನಕ ಬಸ್ಸು ನಿಂತಲ್ಲೇ.

ಇನ್ನೊಂದು ಕಾಟ ಅಂದ್ರೆ ಮೊಳೆ. ಎತ್ತು, ಕುದುರೆಗಳ ಗೊರಸಿಗೆ ಲಾಳ ಹೊಡೀತಾರಲ್ಲ, ಆ ಲಾಳದ ಮೊಳೆಗಳು ರಸ್ತೆ ತುಂಬಾ ಉದುರಿರ್ತಿದ್ವು. ಬಸ್ಸಿನ ಟೈರಿಗೆ ಅದೇ ಶನಿ. ಟಿವಿಎಸ್‌ನವರು ಗಾಡಿಗೆ ಅಯಸ್ಕಾಂತ ಕಟ್ಟಿ, ಬಸ್ಸು ಓಡೋ ಮೊದಲೇ ರಸ್ತೆಯ ಮೊಳೆ ಎತ್ತಿಸ್ತಿದ್ರು ಅನ್ನೋ ಕತೆಯನ್ನ ಮದುರೈ ಕಡೆ ಇವತ್ತಿಗೂ ಹೇಳ್ತಾರೆ. ಟಿವಿಎಸ್ ಬಸ್ ನೋಡಿ ಜನ ಗಡಿಯಾರಕ್ಕೆ ಟೈಮ್ ಇಡ್ತಿದ್ರು ಅನ್ನೋ ಮಾತೂ ಅಷ್ಟೇ ಪ್ರಸಿದ್ಧ.

ಈ ಎರಡು ಮಾತನ್ನ ಒಟ್ಟಿಗೆ ಇಟ್ಟು ನೋಡಿ. ಟೈಮಿಗೆ ಸರಿಯಾಗಿ ಬಸ್ ಬರಬೇಕು ಅಂದ್ರೆ ಡ್ರೈವರ್ ಜೋರಾಗಿ ಓಡಿಸಿದ್ರೆ ಸಾಲದು. ದಾರಿಯಲ್ಲಿ ಪಂಕ್ಚರ್ ಆಗಬಾರದು, ಎಂಜಿನ್ ಕೈ ಕೊಡಬಾರದು. ಕೈ ಕೊಟ್ರೆ ಬೇರೆ ಬಸ್ಸು ಸಿದ್ಧ ಇರಬೇಕು. ಅಂದ್ರೆ ಬಸ್ ಕಂಪನಿಯ ನಿಜವಾದ ಕೆಲಸ ನಡೆಯೋದು ರಸ್ತೆಯಲ್ಲಲ್ಲ, ರಾತ್ರಿ ವರ್ಕ್‌ಶಾಪಿನಲ್ಲಿ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇದ್ದಿಲಿನಿಂದ ಓಡಿದ ಬಸ್ಸು

ಎರಡನೇ ಮಹಾಯುದ್ಧ ಬಂತು. 1942ರಲ್ಲಿ ಬರ್ಮಾ ಜಪಾನ್ ಕೈಗೆ ಹೋಯ್ತು, ಅಲ್ಲಿಂದ ಬರ್ತಿದ್ದ ಎಣ್ಣೆ ನಿಂತುಹೋಯ್ತು. ಇದ್ದ ಪೆಟ್ರೋಲು ಸೇನೆಗೆ, ಉಳಿದವರಿಗೆ ರೇಷನ್. ಬಸ್ ಕಂಪನಿಗಳು ಏನ್ ಮಾಡಬೇಕು?

ಆಗ ಬಂದದ್ದೇ ಇದ್ದಿಲು ಗ್ಯಾಸ್. ಇದು ಹೇಗೆ ಕೆಲಸ ಮಾಡುತ್ತೆ ಅಂದ್ರೆ, ಬಸ್ಸಿಗೆ ಒಂದು ದೊಡ್ಡ ಡ್ರಮ್ಮಿನಂಥ ಒಲೆ ಕಟ್ತಾರೆ. ಅದರೊಳಗೆ ಇದ್ದಿಲು ತುಂಬಿ, ಗಾಳಿ ಕಮ್ಮಿ ಬಿಟ್ಟು ಉರಿಸ್ತಾರೆ. ಗಾಳಿ ಸಾಕಷ್ಟು ಸಿಗದೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದು ಇನ್ನೂ ಉರಿಯಬಲ್ಲ ಅನಿಲ. ಅದನ್ನ ತಣ್ಣಗೆ ಮಾಡಿ, ಬೂದಿ ಸೋಸಿ, ಎಂಜಿನ್‌ಗೆ ಬಿಟ್ರೆ ಬಸ್ಸು ಓಡುತ್ತೆ. ಪೆಟ್ರೋಲಿನಷ್ಟು ಶಕ್ತಿ ಇಲ್ಲ. ಹೊರಡೋ ಮೊದಲು ಒಲೆ ಹೊತ್ತಿಸಿ ಕಾಯಬೇಕು, ಏರು ಬಂದ್ರೆ ಬಸ್ಸು ಏದುಸಿರು ಬಿಡುತ್ತೆ. ನಿಮ್ಮ ಮುತ್ತಜ್ಜನ ಕಾಲದವರು ಬಸ್ಸಿಂದ ಇಳಿದು ತಳ್ಳಿದ ಕತೆ ಹೇಳಿದ್ರೆ, ಅದು ಬಹುಶಃ ಇಂಥದ್ದೇ ಬಸ್ಸು.

ಸುಂದರಂ ಅಯ್ಯಂಗಾರ್ ಕಂಪನಿ ಈ ಯಂತ್ರವನ್ನ ತಾನೇ ವಿನ್ಯಾಸ ಮಾಡಿ, ತಯಾರಿಸಿತು. "ಟಿವಿಎಸ್ ಗ್ಯಾಸ್ ಪ್ಲಾಂಟ್" ಅಂತಲೇ ಅದಕ್ಕೆ ಹೆಸರು. ಟೈರು ಸವೆದ್ರೆ ಎಸೆಯದೆ ಹೊಸ ರಬ್ಬರ್ ಹಾಕೋ ರೀಟ್ರೆಡಿಂಗ್ ಕೆಲಸವನ್ನೂ ಕೈಗೆತ್ತಿಕೊಂಡ್ರು. ಜನರಲ್ ಮೋಟರ್ಸ್ ಗಾಡಿಗಳ ಮಾರಾಟಕ್ಕೂ ಇಳಿದ್ರು. ಬಸ್ಸು ಓಡಿಸೋ ಮನೆ ನಿಧಾನಕ್ಕೆ ಬಸ್ಸನ್ನ ಬಿಚ್ಚಿ ಜೋಡಿಸೋದು ಕಲಿತ ಮನೆ ಆಯ್ತು.

ಅವರು ತೀರಿಕೊಂಡದ್ದು 1955ರಲ್ಲಿ. ಅದಕ್ಕೆ ಮೊದಲೇ ಮಕ್ಕಳು ಒಂದೊಂದು ಕೆಲಸ ಹಿಡಿದಿದ್ರು. 1954ರಲ್ಲಿ ಸುಂದರಂ ಫೈನಾನ್ಸ್ ಹುಟ್ಟಿತು. ಲಾರಿ, ಬಸ್ಸು ಕೊಳ್ಳೋರಿಗೆ ಸಾಲ ಕೊಡೋ ಕಂಪನಿ. 1960ರ ಆಚೀಚೆ ವಿದೇಶಿ ಕಂಪನಿಗಳ ಜೊತೆ ಸೇರಿ ಚಕ್ರಕ್ಕೆ ವೀಲ್ಸ್ ಇಂಡಿಯಾ, ಬ್ರೇಕಿಗೆ ಬ್ರೇಕ್ಸ್ ಇಂಡಿಯಾ ಮತ್ತು ಸುಂದರಂ ಕ್ಲೇಟನ್, ಎಲೆಕ್ಟ್ರಿಕ್ ಭಾಗಗಳಿಗೆ ಲ್ಯೂಕಸ್ ಟಿವಿಎಸ್. ಆಮೇಲೆ ನಟ್ಟು ಬೋಲ್ಟಿಗೆ ಸುಂದರಂ ಫಾಸ್ಟನರ್ಸ್. ಪಟ್ಟಿ ನೋಡಿದ್ರೆ ಒಂದು ಬಸ್ಸನ್ನ ಬಿಚ್ಚಿ ಅಂಗಳದಲ್ಲಿ ಹರಡಿದ ಹಾಗಿದೆ, ಅಲ್ವಾ?

ಒಂದು ಕಾಯ್ದೆ ಬಂತು

ಈಗ ಸ್ವಲ್ಪ ಕಾನೂನು. ಬೋರ್ ಆಗಲ್ಲ, ಪ್ರಾಮಿಸ್.

ಬಸ್ ಕಂಪನಿಯ ಆಸ್ತಿ ಯಾವುದು? ಬಸ್ಸು ಅಂತೀರಿ. ಅದನ್ನ ಶೋರೂಮಲ್ಲಿ ಯಾರು ಬೇಕಾದ್ರೂ ಕೊಳ್ಳಬಹುದು. ನಿಜವಾದ ಆಸ್ತಿ ಪರ್ಮಿಟ್. 1939ರ ಮೋಟಾರು ವಾಹನ ಕಾಯ್ದೆ ಈ ಪದ್ಧತಿ ತಂತು. ಯಾವ ಊರಿಂದ ಯಾವ ಊರಿಗೆ, ಎಷ್ಟು ಹೊತ್ತಿಗೆ ಅನ್ನೋದೆಲ್ಲ ಕಾಗದದ ಮೇಲೆ. ಹಾಗೆ ಅಲ್ಲಲ್ಲಿ ನಿಲ್ಲಿಸಿ, ಹತ್ತಿಸಿ ಇಳಿಸೋ ಬಸ್ಸಿಗೆ "ಸ್ಟೇಜ್ ಕ್ಯಾರೇಜ್" ಅಂತಾರೆ. ನೀವು ಆ್ಯಪಲ್ಲಿ ಬುಕ್ ಮಾಡೋ ಖಾಸಗಿ ಸ್ಲೀಪರ್ ಬಸ್ಸುಗಳು ಹೆಚ್ಚಾಗಿ "ಕಾಂಟ್ರಾಕ್ಟ್ ಕ್ಯಾರೇಜ್", ಅದರ ನಿಯಮವೇ ಬೇರೆ. ಮಂಗಳೂರು, ಉಡುಪಿ ಬಸ್ ಸ್ಟ್ಯಾಂಡಲ್ಲಿ ಎರಡು ನಿಮಿಷಕ್ಕಾಗಿ ಕಂಡಕ್ಟರುಗಳು ಜಗಳ ಆಡೋದು ನೋಡಿದ್ದೀರಲ್ಲ? ಆ ಎರಡು ನಿಮಿಷದಲ್ಲಿ ಒಂದು ಬಸ್ಸಿನ ಜನ ಇನ್ನೊಂದಕ್ಕೆ ಹತ್ತಿಬಿಡ್ತಾರೆ. ಟೈಮಿಂಗ್ ಅಂದ್ರೆ ಅವರ ಅನ್ನ.

ಕೊಟ್ಟ ಪರ್ಮಿಟನ್ನ ಸರ್ಕಾರ ವಾಪಸ್ ತಗೋಬಹುದು. 1956ರಲ್ಲಿ ಆ ಕಾಯ್ದೆಗೆ ಒಂದು ಅಧ್ಯಾಯ ಸೇರಿತು. ಸರ್ಕಾರಿ ಸಾರಿಗೆ ಸಂಸ್ಥೆ ಒಂದು ರೂಟಿಗೆ ಯೋಜನೆ ಮಾಡಿದ್ರೆ ಖಾಸಗಿಯವರನ್ನ ಅಲ್ಲಿಂದ ಹೊರಗಿಡಬಹುದು ಅಂತ. ತಮಿಳುನಾಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಕರುಣಾನಿಧಿ ಸರ್ಕಾರ 1971ರಲ್ಲಿ ದೊಡ್ಡ ಕಂಪನಿಗಳ ಬಸ್ಸುಗಳನ್ನೇ ವಶಕ್ಕೆ ಪಡೆಯೋ ಕಾಯ್ದೆ ತಂತು. ಸಣ್ಣ ಮಾಲೀಕರನ್ನ ಬಿಟ್ಟರು. 1972ರಲ್ಲಿ ಟಿವಿಎಸ್ ಬಸ್ಸುಗಳು ಹೊಸ ಸರ್ಕಾರಿ ಸಂಸ್ಥೆಗೆ ಹೋದ್ವು, ಹೆಸರು ಪಾಂಡಿಯನ್ ರೋಡ್‌ವೇಸ್. 60 ವರ್ಷ ಓಡಿದ ಬಸ್ಸುಗಳ ಮೇಲಿನ ಹೆಸರು ಅಳಿಸಿತು. ಪೊಲ್ಲಾಚಿಯ ಆನಮಲೈ ಬಸ್ ಟ್ರಾನ್ಸ್‌ಪೋರ್ಟ್‌ನ ಬಸ್ಸುಗಳಿಗೂ ಅದೇ ಗತಿ.

ಇದು ಅನ್ಯಾಯನಾ? ನಾನು ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಸರ್ಕಾರದ ಕಡೆಯಿಂದಲೂ ನೋಡಬೇಕು. ಖಾಸಗಿ ಬಸ್ಸು ಹೋಗೋದು ಕಲೆಕ್ಷನ್ ಇರೋ ಕಡೆಗೆ. ಜನ ಕಮ್ಮಿ ಇರೋ ಗುಡ್ಡದ ಹಳ್ಳಿಗೆ ನಷ್ಟದಲ್ಲಿ ಬಸ್ ಬಿಡು ಅಂತ ಕುಟುಂಬದ ಕಂಪನಿಗೆ ಎಷ್ಟು ವರ್ಷ ಹೇಳೋಕಾಗುತ್ತೆ? ತಮಿಳುನಾಡಿನಲ್ಲಿ 2021ರಿಂದ ಹೆಂಗಸರು ಸಾಮಾನ್ಯ ಟೌನ್ ಬಸ್ಸಲ್ಲಿ ಉಚಿತವಾಗಿ ಓಡಾಡ್ತಾರೆ. ಬಸ್ಸು ಸರ್ಕಾರದ್ದಾಗಿರೋದರಿಂದ ಅದು ಸುಲಭ ಆಯ್ತು.

ನಮ್ಮ ಕಡೆಗೆ ಬರೋಣ

ನನ್ನ ಮೈಸೂರಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಹಳೇ ಮೈಸೂರು ರಾಜ್ಯ ಸರ್ಕಾರಿ ಬಸ್ ಶುರು ಮಾಡಿದ್ದು 1948ರ ಸೆಪ್ಟೆಂಬರ್ 12ಕ್ಕೆ, 120 ಬಸ್ಸುಗಳಿಂದ. ಅದೇ ಬೆಳೆದು ಇವತ್ತಿನ ಕೆಎಸ್‌ಆರ್‌ಟಿಸಿ. ಆಗ ಮಂಗಳೂರು, ಉಡುಪಿ ಮೈಸೂರು ರಾಜ್ಯದಲ್ಲಿ ಇರಲೇ ಇಲ್ಲ, ಮದರಾಸು ಪ್ರಾಂತ್ಯದಲ್ಲಿತ್ತು. ಸೇರಿದ್ದು 1956ರಲ್ಲಿ. ಅಷ್ಟರಲ್ಲಿ ಕರಾವಳಿಯಲ್ಲಿ ಖಾಸಗಿ ಬಸ್ಸುಗಳ ಬೇರು ಗಟ್ಟಿಯಾಗಿತ್ತು. ಅದಕ್ಕೇ ನಮ್ಮ ಬಸ್ಸಿಗೆ ಇವತ್ತಿಗೂ ಹೆಸರಿದೆ.

ಎಷ್ಟು ದಿನ ಇರುತ್ತೆ ಅನ್ನೋದು ಈಗಿನ ಪ್ರಶ್ನೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಉಚಿತ, ಆದರೆ ಸರ್ಕಾರಿ ಬಸ್ಸಲ್ಲಿ ಮಾತ್ರ. ಸರ್ಕಾರಿ ಬಸ್ ಇರೋ ರೂಟಲ್ಲಿ ಖಾಸಗಿ ಬಸ್ಸಿನ ಸೀಟು ಖಾಲಿ ಅಂತ ಮಾಲೀಕರ ದೂರು. ಸರ್ಕಾರಿ ಬಸ್ಸೇ ಇಲ್ಲದ ಹಳ್ಳಿಯ ಹೆಂಗಸರು ಮಾತ್ರ ಇಂದಿಗೂ ಟಿಕೆಟ್ ಕೊಂಡೇ ಹೋಗ್ತಾರೆ. ಆ ಹಳ್ಳಿಯ ಖಾಸಗಿ ಬಸ್ಸು ನಾಳೆ ನಿಂತ್ರೆ, ಅದರ ಬದಲು ಬೇರೆ ಬಸ್ಸು ಬರುತ್ತಾ? ನನ್ನ ಚಿಂತೆ ಮಾಲೀಕರಿಗಿಂತ ಆ ಸ್ಟಾಪಲ್ಲಿ ನಿಂತೋರ ಬಗ್ಗೆ.

ಉಳಿದದ್ದು ಏನು

ಮದುರೈಗೆ ಒಮ್ಮೆ ವಾಪಸ್ ಹೋಗೋಣ. ಬಸ್ಸು ಹೋಯ್ತು, ಪರ್ಮಿಟ್ ಹೋಯ್ತು. ಪರ್ಮಿಟ್ ಮಾತ್ರ ನಂಬಿಕೊಂಡ ಕುಟುಂಬಕ್ಕೆ ಅಲ್ಲಿಗೆ ಕತೆ ಮುಗೀತು. ಟಿವಿಎಸ್ ಕೈಯಲ್ಲಿ ವರ್ಕ್‌ಶಾಪ್ ವಿದ್ಯೆ ಇತ್ತು, ಅದನ್ನ ಯಾವ ಕಾಯ್ದೆಯೂ ವಶಪಡಿಸಿಕೊಳ್ಳೋಕೆ ಆಗಲ್ಲ. 1980ರಲ್ಲಿ ನಮ್ಮ ಬೆಂಗಳೂರಿನ ಪಕ್ಕದ ಹೊಸೂರಿನಿಂದ ಟಿವಿಎಸ್ 50 ಮೊಪೆಡ್ ಹೊರಬಂತು. ಆಮೇಲೆ ಮೈಸೂರಿನ ಹತ್ತಿರವೂ ಕಾರ್ಖಾನೆ ಬಂತು. ನಾನು ಹೆಸರಿಲ್ಲದ ಬಸ್ಸು ನೋಡಿ ಬೆರಗಾದ ಅದೇ ಮೈಸೂರು. 2020ರ ಕೊನೆಗೆ ಆ ಕುಟುಂಬದ ಶಾಖೆಗಳು ಕಂಪನಿಗಳನ್ನ ತಮ್ಮತಮ್ಮಲ್ಲಿ ಹಂಚಿಕೊಳ್ಳೋಕೆ ಒಪ್ಪಿದ್ವು. ಪಾಂಡಿಯನ್ ಅನ್ನೋ ಹೆಸರೂ 1997ರಲ್ಲಿ ಹೋಯ್ತು. ಮದುರೈಯಲ್ಲಿ ಟಿವಿಎಸ್ ನಗರ ಅಂತ ಒಂದು ಬಡಾವಣೆ ಇದೆ. ಆ ಹೆಸರಿನ ರೂಟ್ ಬಸ್ಸು ಇಲ್ಲ.

ಬಸ್ಸು ಸರ್ಕಾರದ್ದಿರಲಿ, ಕುಟುಂಬದ್ದಿರಲಿ, ಸ್ಟಾಪಲ್ಲಿ ನಿಂತವರು ಕೇಳೋದು ಒಂದೇ: ಹೇಳಿದ ಹೊತ್ತಿಗೆ ಬರುತ್ತಾ? ಸುಂದರಂ ಅಯ್ಯಂಗಾರ್ ರಸ್ತೆಯ ಮೊಳೆಗೂ ತಲೆ ಕೆಡಿಸಿಕೊಂಡದ್ದು ಅದಕ್ಕೇ.

ಇವತ್ತಿಗೆ ಇಷ್ಟು. ನಿಮ್ಮೂರಿನ ಹಳೇ ಬಸ್ಸಿನ ಹೆಸರು, ಅದರ ಟೈಮು ಮನೆಯಲ್ಲಿ ಯಾರಿಗಾದ್ರೂ ನೆನಪಿದ್ದರೆ, ಅವರ ದನಿಯಲ್ಲೇ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಕೇಳಿಸ್ತೀನಿ. ಸ್ಟಾಪ್ ಬಂತು, ಇಳೀರಿ. ನಮಸ್ಕಾರ.