ದಾನಕ್ಕಿಂತ ಪಾಲನೆಯೇ ಮೇಲು

ಕನ್ನಡ ನಾಡಿನ ಹಳೆಯ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯ ಶ್ಲೋಕಗಳು ಪರಿಚಿತವಾಗಿರಬೇಕು. ದಾನ ಮಾಡುವುದು, ಮಾಡಿದ ದಾನವನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಶ್ರೇಯಸ್ಕರವೆಂದು ಅವು ಸಾರುತ್ತವೆ. ತಾನಿತ್ತುದನ್ನಾಗಲಿ ಪರರಿತ್ತುದನ್ನಾಗಲಿ ಅಪಹರಿಸಿದವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆಂದು ಎಚ್ಚರಿಸುತ್ತವೆ. ಕೊಡುವುದು ಒಂದು ದಿನದ ಕೆಲಸ, ಕಾಪಾಡುವುದು ತಲೆಮಾರುಗಳ ಕೆಲಸ ಎಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಇಂದು ಧರ್ಮಸಂಸ್ಥೆಗಳ ಟ್ರಸ್ಟಿಗಳೆನಿಸಿಕೊಂಡಿರುವ ಮಹನೀಯರಲ್ಲಿ ಎಷ್ಟು ಮಂದಿ ಇದನ್ನು ಅರಿತಿರುವರು?

ದಾನಿಗಳಿಗೆ ನಮ್ಮಲ್ಲಿ ಕೊರತೆಯಿರಲಿಲ್ಲ. ೧೯೧೦ರಲ್ಲಿ ಗತಿಸಿದ ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿ ಯಾತ್ರಿಕರಿಗಾಗಿ ಛತ್ರವನ್ನು ಕಟ್ಟಿಸಿ, ವಿದ್ಯಾರ್ಥಿಗಳ ಊಟ ವಸತಿಗೂ ಏರ್ಪಾಡು ಮಾಡಿದರು. ೧೯೦೬ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮರಣಶಾಸನ ಬರೆದಿಟ್ಟರು. ಯಾವ ಒಂದು ದತ್ತಿಯ ಮೇಲೂ ನಾವು ದೂರು ಹೇಳುತ್ತಿಲ್ಲ. ಎಲ್ಲ ದತ್ತಿಗಳಿಗೂ ಸಹಜವಾದ ಅಪಾಯವನ್ನು ಹೇಳುತ್ತಿದ್ದೇವೆ. ಕಣ್ಮುಚ್ಚಿದ ದಾನಿಯು ಎದ್ದು ಬಂದು ಲೆಕ್ಕ ಕೇಳಲಾರನು. ಛತ್ರದಲ್ಲಿ ತಂಗಿದ ಯಾತ್ರಿಕನು ಬೆಳಗಾದರೆ ಹೊರಟುಹೋಗುವನು. ನಿಲಯದ ಹುಡುಗನು ಎರಡು ಹೊತ್ತಿನ ಅನ್ನಕ್ಕೆ ಎಲ್ಲಿ ಕುತ್ತು ಬರುವುದೋ ಎಂದು ಬಾಯಿ ತೆರೆಯನು. ಕೊಟ್ಟವನೂ ಕೇಳಲಾರ, ಪಡೆಯುವವನೂ ಕೇಳಲಾರ. ನಡುವೆ ನಿಂತವನ ಅಂತಃಕರಣವೊಂದೇ ಕಾವಲು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆ ಹುಟ್ಟಿದುದು ಇಂಥ ಎಡೆಯಲ್ಲಿಯೇ.

೧೮೮೨ರ ಭಾರತೀಯ ಟ್ರಸ್ಟ್ ಕಾಯಿದೆಯು ಖಾಸಗಿ ಟ್ರಸ್ಟುಗಳಿಗೆ ಸಂಬಂಧಿಸಿದುದು; ಸಾರ್ವಜನಿಕ ಧರ್ಮದತ್ತಿಗಳಿಗೆ ಅದು ನೇರವಾಗಿ ಅನ್ವಯಿಸದು. ಆದರೂ ಅದು ವಿಧಿಸಿರುವ ಕರ್ತವ್ಯಗಳು ಪ್ರತಿಯೊಬ್ಬ ಟ್ರಸ್ಟಿಗೂ ಕನ್ನಡಿಯಂತಿವೆ. ವಿವೇಕಿಯಾದ ಗೃಹಸ್ಥನು ತನ್ನ ಸ್ವತ್ತನ್ನು ನೋಡಿಕೊಳ್ಳುವಷ್ಟು ಜಾಗರೂಕತೆಯಿಂದ ಟ್ರಸ್ಟಿನ ಸ್ವತ್ತನ್ನು ನೋಡಿಕೊಳ್ಳಬೇಕು, ಸ್ಪಷ್ಟವಾದ ಲೆಕ್ಕವಿಡಬೇಕು, ಅದರಿಂದ ಸ್ವಂತಕ್ಕೆ ಲಾಭ ಪಡೆಯಕೂಡದು. ಇಷ್ಟನ್ನು ಎಲ್ಲರೂ ಒಪ್ಪುವರು. ಆದರೆ ಆ ಕಾಯಿದೆ ಇನ್ನೊಂದು ಮಾತನ್ನೂ ಹೇಳುತ್ತದೆ: ಜತೆಯ ಟ್ರಸ್ಟಿಯು ದ್ರೋಹವೆಸಗುತ್ತಿರುವುದನ್ನು ತಿಳಿದೂ ತಕ್ಕ ಕಾಲದಲ್ಲಿ ತಕ್ಕ ಕ್ರಮ ಕೈಕೊಳ್ಳದವನು ತಾನೂ ಹೊಣೆಗಾರನು. ಸಭೆಗೆ ಬಾರದೆ, ನಡಾವಳಿಯನ್ನು ಓದದೆ, ಮನೆಗೆ ಬಂದ ಪುಸ್ತಕಕ್ಕೆ ರುಜು ಹಾಕಿ ಕಳುಹಿಸುವ ಗೌರವಸ್ಥರು ಇದನ್ನು ಗಮನಿಸಬೇಕು. ತಾವು ಒಂದು ಕಾಸನ್ನೂ ಮುಟ್ಟಿಲ್ಲವೆಂಬ ಸಮಾಧಾನವು ಸಾಲದು. ಕಳ್ಳನು ಒಳಹೊಕ್ಕಾಗ ನಿದ್ರಿಸುತ್ತಿದ್ದ ಕಾವಲುಗಾರನನ್ನು ಪ್ರಾಮಾಣಿಕನೆಂದು ಯಾರೂ ಹೊಗಳರು.

೧೮೯೪ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ಸನ್ನು ಸ್ಥಾಪಿಸಿದ ಗಾಂಧೀಜಿಯವರು, ಬಂದ ಪ್ರತಿಯೊಂದು ಮೊತ್ತಕ್ಕೂ ರಸೀದಿ ಕೊಡಿಸಿ, ಪೈ ಪೈಗೂ ಲೆಕ್ಕವಿಡಿಸಿದರು. ಲೆಕ್ಕ ಶುದ್ಧವಾಗಿಲ್ಲದ ಸಂಸ್ಥೆಯಲ್ಲಿ ಸತ್ಯವು ನಿಲ್ಲಲಾರದೆಂಬುದು ಅವರ ಅಭಿಪ್ರಾಯ. ಮುಂದೆ ಅದೇ ಸಂಸ್ಥೆಗೆ ಆಸ್ತಿ ಕೂಡಿ, ಬಾಡಿಗೆ ಬಂದು, ಒಳಜಗಳ ಹುಟ್ಟಿ, ಬಾಡಿಗೆಯ ಹಣ ನ್ಯಾಯಾಲಯದಲ್ಲಿ ಜಮೆಯಾಗುವಂತಾಯಿತೆಂದು ಆತ್ಮಕಥೆಯಲ್ಲಿ ಅವರೇ ವ್ಯಸನದಿಂದ ಬರೆದಿರುವರು. ಗಾಂಧೀಜಿಯವರು ಕಟ್ಟಿದ ಸಂಸ್ಥೆಗೇ ಈ ಗತಿ ಒದಗಿತೆಂದ ಮೇಲೆ ಉಳಿದವರು ಮೈಮರೆತರೆ ಹೇಗೆ?

ಆದುದರಿಂದ ಟ್ರಸ್ಟಿಗಳನ್ನು ಆರಿಸುವಾಗ ಬಿರುದು ಬಾವಲಿಗಳನ್ನು ನೋಡುವುದಕ್ಕಿಂತ ಬಿಡುವನ್ನೂ ಧೈರ್ಯವನ್ನೂ ನೋಡುವುದು ಲೇಸು. ಹತ್ತು ಸಂಸ್ಥೆಗಳಲ್ಲಿ ಹೆಸರಿರುವ ಶ್ರೀಮಂತನಿಗಿಂತ, ಒಂದು ಸಂಸ್ಥೆಯ ಜಮಾಖರ್ಚನ್ನು ಸಾಲು ಸಾಲಾಗಿ ಓದಿ, ಸ್ನೇಹಿತನನ್ನೂ "ಈ ಹಣ ಎಲ್ಲಿ ಹೋಯಿತು?" ಎಂದು ಕೇಳಬಲ್ಲ ಸಾಮಾನ್ಯ ಗೃಹಸ್ಥನೇ ಮೇಲು. ವರ್ಷಕ್ಕೊಮ್ಮೆ ಲೆಕ್ಕವನ್ನು ಊರ ಜನರ ಮುಂದೆ ಓದಿಸಲಿ. ಶುದ್ಧಹಸ್ತರಿಗೆ ಇದರಿಂದ ಮಾನವೇ ಹೆಚ್ಚುವುದು.

ಸಾರ್ವಜನಿಕರೂ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೯೨ನೆಯ ಕಲಮಿನಂತೆ, ಸಾರ್ವಜನಿಕ ದತ್ತಿಯಲ್ಲಿ ಹಿತಸಂಬಂಧವುಳ್ಳ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು, ಟ್ರಸ್ಟಿಯು ಲೆಕ್ಕ ಒಪ್ಪಿಸಬೇಕೆಂದೂ ಅವನನ್ನು ತೆಗೆದುಹಾಕಬೇಕೆಂದೂ ದಾವೆ ಹೂಡಬಹುದು. ಇಬ್ಬರು ಸಾಕು. ನಮ್ಮ ಒಂದೊಂದು ಊರಿನಲ್ಲಿಯೂ ಅಂತಹ ಇಬ್ಬರು ಇರುವರೆಂಬ ಅರಿವೊಂದೇ ಎಷ್ಟೋ ಧರ್ಮಗಳನ್ನು ಕಾಪಾಡುವುದು.