ಅನಿಲ ತುಂಬಿಸುವ ಮುನ್ನ ಸೋರಿಕೆ ನಿಲ್ಲಿಸಿ

ಮಲೆನಾಡಿನ ಕಾರಿಗೆ ಎ.ಸಿ. ಏಕೆ ಎಂದು ಬಯಲುಸೀಮೆಯವರು ಕೇಳುವುದುಂಟು. ಮಳೆಗಾಲದಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದವರು ಹಾಗೆ ಕೇಳಲಾರರು. ಹೊರಗೆ ಮಂಜು, ಒಳಗೆ ಉಸಿರಿನ ಮತ್ತು ಒದ್ದೆ ಕೊಡೆಗಳ ತೇವ. ಮುಂದಿನ ಗಾಜು ಕ್ಷಣಾರ್ಧದಲ್ಲಿ ಮಸುಕಾಗುತ್ತದೆ. ಎ.ಸಿ.ಯ ತಣ್ಣನೆಯ ಸುರುಳಿ ಆ ತೇವವನ್ನು ಹೀರಿದ ಮೇಲೆಯೇ ದಾರಿ ಕಾಣುವುದು. ನಮ್ಮಲ್ಲಿ ಅದು ಸುಖಕ್ಕಿಂತ ಸುರಕ್ಷತೆಯ ಸಾಧನ.

ಕಾಂಟೆಸ್ಸಾ, ಮಾರುತಿ 1000ರಂತಹ ಹಳೆಯ ಕಾರುಗಳನ್ನು ಜತನದಿಂದ ಉಳಿಸಿಕೊಂಡವರಿಗೆ ಇಲ್ಲೊಂದು ತೊಡಕಿದೆ. ಆ ಕಾಲದ ಎ.ಸಿ.ಗಳು ರೂಪುಗೊಂಡದ್ದು ಆರ್-12 ಅನಿಲಕ್ಕಾಗಿ. ಅದು ಓಝೋನ್ ಪದರವನ್ನು ನಾಶಮಾಡುವುದೆಂದು ತಿಳಿದ ಬಳಿಕ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಅದನ್ನು ಒಪ್ಪಿತು. ಆಸ್ತಮಾ ರೋಗಿಗಳ ಇನ್‌ಹೇಲರಿನಂತಹ ಬಳಕೆಯ ಹೊರತು, 2008ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಈ ವರ್ಗದ ಅನಿಲಗಳ ತಯಾರಿಕೆ ನಿಂತಿತು.

ಹಾಗಾದರೆ ಯಾವುದನ್ನು ತುಂಬಿಸಬೇಕು? ಕೆಲವು ಗ್ಯಾರೇಜುಗಳು ಪ್ರೊಪೇನ್, ಐಸೊಬ್ಯುಟೇನ್ ಮಿಶ್ರಣವನ್ನು ಸೂಚಿಸುತ್ತವೆ. ಅಗ್ಗ, ಹಳೆಯ ಎಣ್ಣೆಯೊಡನೆಯೂ ಹೊಂದುತ್ತದೆ, ಭೂಮಿಯನ್ನು ಕಾಯಿಸುವ ಗುಣವೂ ಅತ್ಯಲ್ಪ. ಆದರೆ ಅದು ಅಡುಗೆ ಅನಿಲದ ದಾಯಾದಿ. ಮನೆಯ ಫ್ರಿಜ್ಜಿನಲ್ಲಿ ಐಸೊಬ್ಯುಟೇನ್ ಇಲ್ಲವೇ ಎಂದು ವಾದಿಸುವವರಿದ್ದಾರೆ. ಫ್ರಿಜ್ಜಿನಲ್ಲಿರುವುದು ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗಿನ ಕೆಲವು ಹತ್ತು ಗ್ರಾಂ. ಕಾರಿನಲ್ಲಾದರೋ ರಬ್ಬರ್ ಕೊಳವೆ, ಸದಾ ಕುಲುಕಾಟ, ಅಪಘಾತದ ಸಂಭವ. ಸುರುಳಿ ಸೋರಿದರೆ ಅನಿಲ ನುಗ್ಗುವುದು ನಾವು ಕುಳಿತಲ್ಲಿಗೇ. ಅದಕ್ಕೆಂದು ರೂಪಿಸದ ಯಂತ್ರದಲ್ಲಿ ಈ ಸಾಹಸ ಸಲ್ಲದು. ಹೊಸ ತಲೆಮಾರಿನ ಆರ್-1234ವೈಎಫ್ ವಾತಾವರಣಕ್ಕೆ ಸೌಮ್ಯವಾದರೂ ದುಬಾರಿ, ಅಲ್ಪಮಟ್ಟಿಗೆ ದಹನಶೀಲ.

ಉಳಿಯುವುದು ಆರ್-134ಎ. ಆದರೆ ಕೇವಲ ಅನಿಲ ಬದಲಿಸಿದರೆ ಸಾಲದು. ಹಳೆಯ ಖನಿಜ ತೈಲ ಇದರೊಡನೆ ಬೆರೆಯದ ಕಾರಣ ಕಂಪ್ರೆಸರ್‌ಗೆ ಎಣ್ಣೆ ಮರಳಿ ತಲುಪದು. ಕೊಳವೆಗಳನ್ನು ತೊಳೆದು ಎಸ್ಟರ್ ತೈಲ ಹಾಕಬೇಕು. ತೇವ ಹೀರುವ ಡ್ರೈಯರ್ ಮತ್ತು ರಬ್ಬರ್ ಉಂಗುರಗಳನ್ನು ಬದಲಿಸಬೇಕು. ನಿರ್ವಾತ ಪಂಪಿನಿಂದ ಗಾಳಿ, ತೇವಗಳನ್ನು ಪೂರ್ತಿ ಹೊರತೆಗೆಯಬೇಕು. ಅನಂತರ ಮೊದಲಿನ ತೂಕದ ಶೇ 80ರಿಂದ 90ರಷ್ಟು ಮಾತ್ರ ತುಂಬಿಸಬೇಕು.

ಇಲ್ಲಿಗೆ ಲೆಕ್ಕ ಮುಗಿಯುವುದಿಲ್ಲ. ಆರ್-134ಎ ಓಝೋನಿಗೆ ನಿರಪಾಯಕಾರಿಯಾದರೂ, ನೂರು ವರ್ಷಗಳ ಅವಧಿಯಲ್ಲಿ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಪ್ರಬಲ. ಅರ್ಧ ಕಿಲೋ ಸೋರಿದರೆ ಸುಮಾರು 300 ಲೀಟರ್ ಪೆಟ್ರೋಲ್ ಉರಿಸಿದಷ್ಟು ಹಾನಿ. ಸೋರುವ ಕೀಲನ್ನು ಸರಿಪಡಿಸದೆ ಪ್ರತಿ ಬೇಸಿಗೆಯಲ್ಲೂ ಅನಿಲ ತುಂಬಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ದುರಸ್ತಿಯ ಖರ್ಚು ಮಾಲೀಕನದು, ಸೋರಿಕೆಯ ಖರ್ಚು ಊರಿನದು. ಅರ್ಥಶಾಸ್ತ್ರ ಇದನ್ನು ಬಾಹ್ಯ ವೆಚ್ಚ ಎನ್ನುತ್ತದೆ. ಗ್ಯಾರೇಜಿನ ರಸೀತಿಯಲ್ಲಿ ಅದು ಕಾಣುವುದಿಲ್ಲ.

ಆದ್ದರಿಂದ ಮೊದಲ ಪ್ರಶ್ನೆ 'ಯಾವ ಅನಿಲ' ಎಂಬುದಲ್ಲ, 'ಎಲ್ಲಿ ಸೋರುತ್ತಿದೆ' ಎಂಬುದು. ಬಿಚ್ಚುವ ಮುನ್ನ ಉಳಿದ ಅನಿಲವನ್ನು ಗಾಳಿಗೆ ಬಿಡದೆ ಯಂತ್ರದಿಂದ ಹಿಂಪಡೆಯುವ ಗ್ಯಾರೇಜನ್ನೇ ಆರಿಸಬೇಕು. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅದರಂತೆ 2032ರಿಂದ ಇಂಥ ಅನಿಲಗಳ ಬಳಕೆಯನ್ನು ಹಂತಹಂತವಾಗಿ ತಗ್ಗಿಸಿ, 2047ಕ್ಕೆ ಶೇ 85ರಷ್ಟು ಕಡಿತಗೊಳಿಸಬೇಕು. ಅಷ್ಟರೊಳಗೆ ಜಿಲ್ಲಾ ಕೇಂದ್ರಗಳ ಮೆಕ್ಯಾನಿಕ್‌ಗಳಿಗೆ ತರಬೇತಿ ಮತ್ತು ಈ ಯಂತ್ರಗಳಿಗೆ ಸಾಲ ಒದಗಿಸುವುದು ಸರ್ಕಾರದ ಹೊಣೆ.

ಹೂಮಳೆ ಹತ್ತು ದಿನ ತಡವಾದರೆ ಕಾಫಿ ಬೆಳೆಗಾರನ ನಿದ್ದೆ ಕೆಡುತ್ತದೆ. ಹವಾಮಾನದ ಬೆಲೆ ಏನೆಂದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರಿನ ಬಾನೆಟ್ಟಿನ ಕೆಳಗೂ ಅದೇ ಲೆಕ್ಕ ಅನ್ವಯಿಸುತ್ತದೆ.